ಆಳಂದವನ್ನು ಒಪ್ಪದ ಫಾರ್ಮ್

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಇಂಟರ್ನೆಟ್ ಅಂಗಡಿಯೊಂದರಲ್ಲಿ ಜೆರಾಕ್ಸ್‌ಗಾಗಿ ಕಾಯುತ್ತ ನಿಂತಿದ್ದೆ. ಹುಡುಗಿಯೊಬ್ಬಳು ಕಾಲೇಜು ಪ್ರವೇಶದ ಅರ್ಜಿ ತುಂಬಿಸಿಕೊಳ್ಳುತ್ತಿದ್ದಳು. ‘ಊರು, ಕನ್ನಡದಲ್ಲಿ’ ಎಂಬ ಖಾನೆಗೆ ಅಂಗಡಿಯವರು ‘ಆಳಂದ’ ಎಂದು ಟೈಪ್ ಮಾಡಿದರು. ‘ಅಕ್ಷರಗಳನ್ನು ಮಾತ್ರ ಬಳಸಿ’ ಎಂದು ಕೆಂಪು ಸಾಲು ಬಂತು. ಇನ್ನೊಮ್ಮೆ ಮಾಡಿದರು, ಮತ್ತೆ ಅದೇ ಸಾಲು. ಮೂರನೆಯ ಸಲ ಬರೀ ‘ಅ’ ಎಂದು ಒತ್ತಿದರು. ಫಾರ್ಮ್ ತಕರಾರಿಲ್ಲದೆ ಮುಂದಿನ ಪುಟಕ್ಕೆ ಹೋಯಿತು. ‘ಎಲ್ಲರಿಗೂ ಹೀಗೇ ಹಾಕುತ್ತೇನೆ ಸರ್’ ಎಂದರು. ಆ ಕಾಲೇಜಿನ ದಾಖಲೆಯಲ್ಲಿ ‘ಅ’ ಎಂಬ ಊರಿನ ವಿದ್ಯಾರ್ಥಿಗಳು ಎಷ್ಟಿದ್ದಾರೋ!

ವೆಬ್‌ಸೈಟ್ ಮಾಡಲು ಕಲಿಯುತ್ತಿರುವ ಹುಡುಗರ ಕೋಡ್ ತಿದ್ದುವುದು ನನ್ನ ಕೆಲಸ. ಹತ್ತರಲ್ಲಿ ಎಂಟು ಮಂದಿ ಫಾರ್ಮ್ ಪರಿಶೀಲನೆಯಲ್ಲಿ ಎಡವುವುದು ಒಂದೇ ಕಡೆ. ಅಲ್ಲಿಗೆ ಬರುವ ಮುನ್ನ ಸುಲಭದ ಹಂತಗಳನ್ನು ಮುಗಿಸಿಬಿಡೋಣ.

ಹಂತ 1: ಖಾನೆಗಳನ್ನು ಎಣಿಸಿ, ಬೇಡದ್ದನ್ನು ಅಳಿಸಿ. ಫ್ಯಾಕ್ಸ್ ನಂಬರ್ ಯಾರಿಗೂ ಬೇಕಿಲ್ಲ.

ಹಂತ 2: ವೆಬ್ ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್ ಪುಕ್ಕಟೆಯಾಗಿ ಕೊಡುವುದನ್ನು ಬಳಸಿ. ಕಡ್ಡಾಯ ಖಾನೆಗೆ ‘ರಿಕ್ವೈರ್ಡ್’, ಇಮೇಲ್‌ಗೆ ‘ಇಮೇಲ್’, ಮೊಬೈಲ್‌ಗೆ ‘ಟೆಲ್’. ಮೊಬೈಲ್ ಸಂಖ್ಯೆಗೆ ‘ನಂಬರ್’ ಬಗೆಯನ್ನು ಮಾತ್ರ ಹಾಕಲೇಬೇಡಿ. ಕೆಲವು ಬ್ರೌಸರ್‌ಗಳಲ್ಲಿ ಮೌಸ್ ಚಕ್ರ ತಿರುಗಿದರೆ ಕೊನೆಯ ಅಂಕಿ ಸದ್ದಿಲ್ಲದೆ ಬದಲಾಗುತ್ತದೆ.

ಹಂತ 3: ಮೊದಲು ಹಸನು, ಆಮೇಲೆ ತೂಕ. ತೊಗರಿಯನ್ನು ಕಸ-ಕಡ್ಡಿ ತೆಗೆಯದೆ ಯಾರೂ ತಕ್ಕಡಿಗೆ ಹಾಕುವುದಿಲ್ಲ. ಜನ ಮೊಬೈಲ್ ಸಂಖ್ಯೆಯನ್ನು ಮುಂದೆ ಸೊನ್ನೆ ಹಾಕಿ, +91 ಹಾಕಿ, ನಡುವೆ ಜಾಗ ಬಿಟ್ಟು, ಅಡ್ಡಗೆರೆ ಎಳೆದು ಬರೆಯುತ್ತಾರೆ. ಅವರನ್ನು ಬೈಯುವ ಬದಲು ನೀವೇ ಅವನ್ನೆಲ್ಲ ತೆಗೆಯಿರಿ. ಉಳಿಯುವುದು ಹತ್ತು ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಅಷ್ಟನ್ನು ನೋಡಿದರೆ ಸಾಕು. ಕನ್ನಡ ಅಂಕಿಗಳಲ್ಲಿ ಬರೆದರೆ? ‘೯’ ಬಂದರೆ 9 ಎಂದು ಬದಲಿಸಿಕೊಳ್ಳಿ, ನಾಲ್ಕು ಸಾಲಿನ ಕೋಡ್. ಬದಲಿಸದೆ ಬಿಟ್ಟರೆ ಜಾವಾಸ್ಕ್ರಿಪ್ಟ್‌ನ ಅಂಕಿ ಪರೀಕ್ಷೆ ಅವನ್ನು ತಿರಸ್ಕರಿಸುತ್ತದೆ, ಪೈಥಾನ್‌ನದು ಒಪ್ಪಿಕೊಳ್ಳುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಸಂಖ್ಯೆ ಡೇಟಾಬೇಸ್‌ಗೆ ಕನ್ನಡದಲ್ಲೇ ಹೋಗಿ ಕುಳಿತಿರುತ್ತದೆ, ಒಟಿಪಿ ಕಳಿಸುವಾಗಷ್ಟೇ ಎಡವಟ್ಟು ಗೊತ್ತಾಗುತ್ತದೆ.

ಬ್ಯಾಂಕಿನ ಐಎಫ್‌ಎಸ್‌ಸಿಯಲ್ಲೂ ಇದೇ ಕಥೆ. ಹನ್ನೊಂದು ಚಿಹ್ನೆ, ಮೊದಲ ನಾಲ್ಕು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಪಾಸ್‌ಬುಕ್ ನೋಡಿ ಬರೆಯುವವರು ಆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಒತ್ತುತ್ತಾರೆ. ಐದನೆಯ ಸ್ಥಾನದಲ್ಲಿ ‘ಓ’ ಕಂಡರೆ ಧೈರ್ಯವಾಗಿ ಸೊನ್ನೆ ಮಾಡಿ. ಕೊನೆಯ ಆರರಲ್ಲಿ ಮಾತ್ರ ಕೈ ಆಡಿಸಬೇಡಿ, ಅಲ್ಲಿ ಅಕ್ಷರವೂ ಬರಬಹುದು. ಪಿನ್‌ಕೋಡ್ ಆರು ಅಂಕಿ, ಮೊದಲನೆಯದು ಸೊನ್ನೆಯಲ್ಲ. ಕಲಬುರಗಿ, ಬೀದರ, ಯಾದಗಿರಿ ಮೂರರದ್ದೂ 585ರಿಂದ ಶುರುವಾಗುತ್ತದೆಂದು ಅದನ್ನೇ ನಿಯಮ ಮಾಡಿದ ಹುಡುಗನೊಬ್ಬನಿದ್ದ. ತೆಲಂಗಾಣದ ಜಹೀರಾಬಾದಿನವರು ಬೀದರಿಗೆ ಓದಲು ಬರುವುದಿಲ್ಲವೇ ಎಂದು ಕೇಳಿದ ಮೇಲೆ ತೆಗೆದ.

ಹಂತ 4: ಹೆಸರು, ಊರು, ವಿಳಾಸ. ಎಲ್ಲರೂ ಮುಗ್ಗರಿಸುವುದು ಇಲ್ಲಿಯೇ. ಆಳಂದಕ್ಕೆ ಏನಾಗಿತ್ತು ನೋಡಿ. ಎಲ್ಲ ಭಾಷೆಗಳ ಚಿಹ್ನೆಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯೇ ಯೂನಿಕೋಡ್. ಯೂನಿಕೋಡ್‌ನ ಲೆಕ್ಕದಲ್ಲಿ ಆ, ಳ, ದ ಅಕ್ಷರಗಳು; ನಡುವಿನ ಅನುಸ್ವಾರ ಅಕ್ಷರವಲ್ಲ, ‘ಗುರುತು’ ಎಂಬ ಬೇರೆ ವರ್ಗದ್ದು. ಗುಣಿತದ ಕೊಂಬು, ಗುಡಿಸು, ಇಳಿ, ಒತ್ತಕ್ಷರ ಕಟ್ಟುವ ಹಲಂತ ಎಲ್ಲವೂ ಆ ವರ್ಗಕ್ಕೇ ಸೇರಿದವು. ಯಾವ ಚಿಹ್ನೆ ಬರಬಹುದೆಂದು ಹೇಳುವ ಸೂತ್ರವಾದ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ‘ಅಕ್ಷರ’ ವರ್ಗವನ್ನಷ್ಟೇ ಬರೆದರೆ ಒಂದೂ ಗುರುತಿಲ್ಲದ ಪದಗಳು ಮಾತ್ರ ಪಾಸು. ಹುಡುಗಿಯ ಹೆಸರು ಗಗನ ಎಂದೋ ಕಮಲ ಎಂದೋ ಇದ್ದರೆ ಸೀದಾ ಒಳಗೆ, ಕವಿತಾ ಆದರೆ ಹೊರಗೆ. ಒಂದು ಸಂಜೆ ಕುಳಿತು ನಮ್ಮ ಮೂರೂ ಜಿಲ್ಲೆಗಳ ಕೆಲವು ತಾಲ್ಲೂಕುಗಳನ್ನು ಪರೀಕ್ಷಿಸಿದೆ. ಜೇವರ್ಗಿ, ಸೇಡಂ, ಭಾಲ್ಕಿ, ಔರಾದ, ಶಹಾಪುರ, ಸುರಪುರ, ಒಂದೂ ಪಾಸಾಗಲಿಲ್ಲ.

ಪರಿಹಾರ ಹೀಗಿದೆ. ಅಕ್ಷರ ವರ್ಗದ ಜೊತೆಗೆ ಗುರುತು ವರ್ಗವನ್ನೂ ಸೇರಿಸಿ. ಜಾಗ, ಚುಕ್ಕೆ, ಅಡ್ಡಗೆರೆ, ‘ಡಿ’ಸೋಜಾ’ದಲ್ಲಿರುವಂಥ ಮೇಲಿನ ಕೊಕ್ಕೆ, ಇವೂ ಇರಲಿ. ‘ರಾಜ್‌ಕುಮಾರ’ದಲ್ಲಿ ಜ ಮತ್ತು ಕ ಅಂಟಿಕೊಳ್ಳದಂತೆ ಕೀಲಿಮಣೆ ಒಂದು ಕಾಣದ ಚಿಹ್ನೆಯನ್ನು ತುರುಕುತ್ತದೆ. ಅದನ್ನು ಮರೆತರೆ ತಪ್ಪು ಎಲ್ಲಿದೆಯೆಂದು ಬಳಕೆದಾರನ ಕಣ್ಣಿಗೆ ಬೀಳುವುದೇ ಇಲ್ಲ. ಪಿಎಚ್‌ಪಿಯಲ್ಲಾಗಲಿ ಜಾವಾಸ್ಕ್ರಿಪ್ಟ್‌ನಲ್ಲಾಗಲಿ ಎಕ್ಸ್‌ಪ್ರೆಷನ್‌ನ ತುದಿಗೆ ಯೂನಿಕೋಡ್ ಸೂಚಿಸುವ ‘ಯು’ (u) ಹಾಕದಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ‘ರೆಡಿಮೇಡ್ ಹೆಸರು ಎಕ್ಸ್‌ಪ್ರೆಷನ್’ಗಳನ್ನು ನಕಲು ಮಾಡಬೇಡಿ. ನಾನು ನೋಡಿದವುಗಳಲ್ಲಿ ಬಹುಪಾಲು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಬಿಟ್ಟು ಬೇರೇನನ್ನೂ ಕಂಡಿಲ್ಲ.

ಉದ್ದದ ಮಿತಿಯೂ ಹೀಗೆಯೇ ಕೈಕೊಡುತ್ತದೆ. ‘ಸಿದ್ಧಲಿಂಗಪ್ಪ’ ನಮ್ಮ ಕಣ್ಣಿಗೆ ಐದು ಅಕ್ಷರ, ಯೂನಿಕೋಡ್‌ಗೆ ಹನ್ನೆರಡು ಚಿಹ್ನೆ, ಕಂಪ್ಯೂಟರ್ ಅದನ್ನು ಉಳಿಸಿಡುವ ಯುಟಿಎಫ್-8ರಲ್ಲಿ 36 ಬೈಟ್. ಪಿಎಚ್‌ಪಿಯ ಸಾದಾ ಉದ್ದ ಎಣಿಸುವ ಫಂಕ್ಷನ್ 36 ಎನ್ನುತ್ತದೆ. ಮೂವತ್ತರ ಮಿತಿ ಇಟ್ಟಿದ್ದರೆ ಐದಕ್ಷರದ ಹೆಸರು ‘ತುಂಬಾ ಉದ್ದ’. ‘ಎಂಬಿ’ಯಿಂದ ಶುರುವಾಗುವ ಫಂಕ್ಷನ್ ಬಳಸಿ, ಮಿತಿಯನ್ನು ಧಾರಾಳವಾಗಿ 150 ಇಡಿ. ಅಡ್ಡಹೆಸರನ್ನು ಕಡ್ಡಾಯ ಮಾಡಬೇಡಿ. ಆಧಾರ್‌ನಲ್ಲಿ ಒಂದೇ ಹೆಸರಿರುವವರು ಅಲ್ಲಿ ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ, ಆಮೇಲೆ ಚುಕ್ಕೆಯೂ ಪ್ರಮಾಣಪತ್ರದಲ್ಲಿ ಅಚ್ಚಾಗುತ್ತದೆ. ವಿಳಾಸದಲ್ಲಿ ಅಡ್ಡಗೆರೆ, ಓರೆಗೆರೆಗಳನ್ನು ತಡೆಯಬೇಡಿ. ಕಲಬುರಗಿಯ ಮನೆ ಸಂಖ್ಯೆಗಳಲ್ಲಿ ಎರಡೂ ಇರುತ್ತವೆ.

ಹಂತ 5: ಇದನ್ನೆಲ್ಲ ಸರ್ವರ್‌ನಲ್ಲಿ ಮತ್ತೊಮ್ಮೆ ಮಾಡಿ. ಬ್ರೌಸರ್‌ನ ಪರಿಶೀಲನೆ ತುಂಬುವವರ ಅನುಕೂಲಕ್ಕೆ. ಮೌಸ್‌ನ ಬಲಗುಂಡಿ ಒತ್ತಿ ಯಾರು ಬೇಕಾದರೂ ಅದನ್ನು ಕಿತ್ತುಹಾಕಬಹುದು. ಪಟ್ಟಿಯಿಂದ ಆಯುವ ಖಾನೆಯನ್ನೂ ನಂಬಬೇಡಿ, ಬಂದದ್ದು ನಿಮ್ಮ ಪಟ್ಟಿಯಲ್ಲಿದೆಯೇ ನೋಡಿ. ಜಿಲ್ಲೆಯನ್ನು ಹೆಸರಿನ ಬದಲು ಸಂಕೇತದಲ್ಲಿ ಉಳಿಸಿ: ಗುಲ್ಬರ್ಗಾ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು, ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ. ಹಳೆಯ ಅಂಕಪಟ್ಟಿ ಹಿಡಿದು ಬರುವವರು ಇನ್ನೂ ಇದ್ದಾರೆ.

ಡೇಟಾಬೇಸ್‌ಗೆ ಬರೆಯುವಾಗ ಆಜ್ಞೆಯನ್ನೂ ತುಂಬಿದ ಮಾಹಿತಿಯನ್ನೂ ಬೇರೆಬೇರೆಯಾಗಿ ಇಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಡೇಟಾಬೇಸ್‌ಗೆ ನುಗ್ಗುವ ಕಳ್ಳರ ಹೆದರಿಕೆಯಿಂದ ಕೊಕ್ಕೆ ಚಿಹ್ನೆಗಳನ್ನೆಲ್ಲ ಅಳಿಸಿಹಾಕುವವರು ಡಿ’ಸೋಜಾರ ಹೆಸರನ್ನು ಕೆಡಿಸುತ್ತಾರೆ, ಕಳ್ಳ ಬೇರೆ ದಾರಿಯಲ್ಲಿ ಬರುತ್ತಾನೆ. ಪುಟದಲ್ಲಿ ತೋರಿಸುವ ಗಳಿಗೆಯಲ್ಲಿ ಎಚ್‌ಟಿಎಂಎಲ್ ಚಿಹ್ನೆಗಳನ್ನು ಎಸ್ಕೇಪ್ ಮಾಡಿ, ಅಂದರೆ ಬ್ರೌಸರ್ ಅವನ್ನು ಕೋಡ್ ಎಂದು ಓದದಂತೆ ಬದಲಿಸಿ. ಪಿಎಚ್‌ಪಿಯ ಹಳೆಯ ‘ಸ್ಯಾನಿಟೈಸ್ ಸ್ಟ್ರಿಂಗ್’ ಫಿಲ್ಟರ್ ಅನ್ನು 8.1ನೇ ಆವೃತ್ತಿಯಿಂದ ಕೈಬಿಡುವ ಪಟ್ಟಿಗೆ ಸೇರಿಸಿದ್ದಾರೆ. ಅದನ್ನು ಕಲಿಸುವ ವಿಡಿಯೊ ಕಂಡರೆ ಮುಚ್ಚಿಬಿಡಿ.

ಹಂತ 6: ತಪ್ಪನ್ನು ಆ ಖಾನೆಯ ಕೆಳಗೇ ಹೇಳಿ, ಏನು ಬರೆಯಬೇಕೆಂದು ಹೇಳಿ, ತುಂಬಿದ್ದನ್ನು ಅಳಿಸಬೇಡಿ. ಒಂದು ತಪ್ಪಿಗೆ ಇಡೀ ಪುಟ ಖಾಲಿ ಮಾಡುವ ಫಾರ್ಮ್ ಬರೆದವರನ್ನು ಅದೇ ಅಂಗಡಿಯಲ್ಲಿ ಒಂದು ದಿನ ಕೂರಿಸಬೇಕು.

ಪರೀಕ್ಷೆಗೆಂದು ನನ್ನ ಮೇಜಿನ ಗಾಜಿನಡಿ ಒಂದು ಚೀಟಿ ಇಟ್ಟಿದ್ದೇನೆ. ಆಳಂದ, ರಾಜ್‌ಕುಮಾರ, ಡಿ’ಸೋಜಾ, ಸಿದ್ಧಲಿಂಗಪ್ಪ, ಕನ್ನಡ ಅಂಕಿಯ ಮೊಬೈಲ್ ಸಂಖ್ಯೆ, ‘ಓ’ ಇರುವ ಐಎಫ್‌ಎಸ್‌ಸಿ. ಇವೆಲ್ಲ ಪಾಸಾಗಬೇಕು. ಅವುಗಳ ಕೆಳಗೆ ಗೆರೆ ಎಳೆದು ‘ಅ’ ಎಂದು ಬರೆದಿದ್ದೇನೆ. ಊರಿನ ಖಾನೆಯಲ್ಲಿ ಅದು ಪಾಸಾಗಬಾರದು.