ಕಿಲೋಮೀಟರ್ ನೋಡಲಿಲ್ಲ, ಎಂಜಿನ್ ಆಯಿಲ್‌ನ ಚರಿತ್ರೆ ನೋಡಿದೆ

ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರೊಂದನ್ನು ಕೊಳ್ಳಬೇಕೆಂದು ಹುಡುಕಾಡಿದ ಮೇಲೆ ನನ್ನ ಮುಂದೆ ಉಳಿದದ್ದು ಎರಡು. ಎರಡೂ 2014ರ ಒಂದೇ ಮಾದರಿಯ ಜರ್ಮನ್ ಸೆಡಾನ್. ಎರಡಕ್ಕೂ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್. ಮುಂಬೈಯ ಅಂಧೇರಿಯ ಎಂಎಚ್ 02 ನೋಂದಣಿಯ ಕಾರು 38,000 ಕಿ.ಮೀ. ಓಡಿತ್ತು, ಪುಣೆಯ ಎಂಎಚ್ 12 ಕಾರು 86,000 ದಾಟಿತ್ತು. ಕಡಿಮೆ ಓಡಿದ್ದನ್ನೇ ಹಿಡಿಯಬೇಕೆಂದು ಎಲ್ಲರೂ ಹೇಳಿದರು. ನಾನು ಹೆಚ್ಚು ಓಡಿದ್ದನ್ನು ಕೊಂಡೆ.

ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊದ ದಂಡವು ನಿಮಿಷಕ್ಕೆ 1 ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅದರ ಒಂದು ತುದಿಯ ಚಕ್ರವನ್ನು ಕುದಿಯುವ ಹೊಗೆ ತಿರುಗಿಸುತ್ತಿರುತ್ತದೆ, ನಡುವಿನ ಬೇರಿಂಗ್ ಮಾತ್ರ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಮುಂಬೈಯಲ್ಲಿ ಮನೆಯಿಂದ ಕಚೇರಿಗೆ ತೆವಳುತ್ತ ಹೋಗಿಬರುವ ಕಾರಿನಲ್ಲಿ, ಅದರಲ್ಲೂ ಓಡಾಟ ಚಿಕ್ಕದಾಗಿದ್ದರೆ, ಆಯಿಲ್ ಸಾಕಷ್ಟು ಹೊತ್ತು ಬಿಸಿಯಾಗಿರುವುದಿಲ್ಲ. ಅದರೊಳಗೆ ಸೇರಿದ ಪೆಟ್ರೋಲ್ ಮತ್ತು ತೇವ ಆವಿಯಾಗದೆ ಉಳಿದು ಆಯಿಲ್ ಕೆಡುತ್ತದೆ. ಸಿಗ್ನಲ್‌ನಲ್ಲಿ ನಿಂತೇ ಎಂಜಿನ್ ದುಡಿದ ಗಂಟೆಗಳಂತೂ ಓಡೋಮೀಟರಿನಲ್ಲಿ ಕಾಣುವುದೇ ಇಲ್ಲ.

ಆದ್ದರಿಂದ ನಾನು ಮೊದಲು ಕೇಳಿದ್ದು ಸರ್ವೀಸ್ ಬಿಲ್ಲುಗಳನ್ನು. ಇಂತಹ ಕಾರುಗಳಲ್ಲಿ ಸರ್ವೀಸ್ ಯಾವಾಗ ಎಂಬುದನ್ನು ಕಂಪ್ಯೂಟರೇ ತಿಳಿಸುತ್ತದೆ, ಆ ಅವಧಿ ಎಷ್ಟೋ ಸಲ 15,000 ಕಿ.ಮೀ. ಮೀರುತ್ತದೆ. ನಮ್ಮ ಧೂಳು, ಬಿಸಿಲು, ಟ್ರಾಫಿಕ್ಕಿಗೆ ಅದು ತೀರ ಉದ್ದವಾಯಿತೆಂಬುದು ನನ್ನ ದೃಢ ಅಭಿಪ್ರಾಯ; 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅಷ್ಟಕ್ಕೆ ಆಯಿಲ್ ಬದಲಾಗಿರಬೇಕು. ಅಂಧೇರಿಯ ಕಾರಿನ ಎರಡು ಬಿಲ್ಲುಗಳ ನಡುವೆ ಎರಡು ವರ್ಷಕ್ಕೂ ಹೆಚ್ಚಿನ ಅಂತರವಿತ್ತು. ಪುಣೆಯ ಕಾರು ಎಕ್ಸ್‌ಪ್ರೆಸ್‌ವೇಯಲ್ಲಿ ಮುಂಬೈಗೆ ಹೋಗಿಬರುತ್ತಿದ್ದ ಕಾರು; ಅದರ ಪ್ರತಿ ವರ್ಷದ ಬಿಲ್ಲಿನಲ್ಲೂ ಆಯಿಲ್‌ನ ದರ್ಜೆ ಮತ್ತು ಫಿಲ್ಟರ್ ನಮೂದಾಗಿದ್ದವು.

ಎಂಜಿನ್ ನೋಡಲು ಪುಣೆ ಪಕ್ಕದ ಚಿಂಚವಾಡದಲ್ಲಿ ಗ್ಯಾರೇಜ್ ಇಟ್ಟಿರುವ ವಿಜಯಪುರದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದಿದ್ದೆ. ಅಂಧೇರಿಯಲ್ಲಿ ಅವರು ಬಾನೆಟ್ ಮೇಲೆ ಅಂಗೈ ಇಟ್ಟವರೇ, "ಸರ, ಗಾಡಿ ಬೆಚ್ಚಗ ಐತ್ರಿ, ನಾವು ಬರೂಕಿಂತ ಮೊದಲs ಚಾಲೂ ಮಾಡ್ಯಾರ" ಎಂದರು. ರಾತ್ರಿಯಿಡೀ ನಿಂತ ಎಂಜಿನ್ನನ್ನು ಚಾಲೂ ಮಾಡಿದ ಮೊದಲ ಕೆಲವು ಸೆಕೆಂಡುಗಳಲ್ಲಿ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಗಲಗಲ ಸದ್ದು ಕೇಳುತ್ತದೆ, ಬಿಸಿ ಎಂಜಿನ್ನಿನಲ್ಲಿ ಅದು ಅಡಗಿಬಿಡಬಹುದು. (ಡೀಸೆಲ್ ಹುಡುಕುವವರಿಗೆ ಒಂದು ಮಾತು: ಬಿಎಂಡಬ್ಲ್ಯುವಿನ ಎನ್47 ಎಂಜಿನ್ನಿನಲ್ಲಿ ಚೈನ್ ಇರುವುದು ಹಿಂಬದಿಗೆ, ಗೇರ್‌ಬಾಕ್ಸ್ ಕಡೆಗೆ, ಆದ್ದರಿಂದ ಅದನ್ನು ಬದಲಿಸುವುದು ಬಹಳ ದೊಡ್ಡ ಕೆಲಸ.)

ಪುಣೆಯ ಕಾರನ್ನು ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಿದೆವು. ಚೈನಿನ ಸದ್ದಿರಲಿಲ್ಲ. ಕೆಲವು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ, ಆಯಿಲ್ ಉರಿದರೆ ಬರುವ ನೀಲಿ ಹೊಗೆ ಬರಲಿಲ್ಲ; ಬಂದಿದ್ದರೆ ಟರ್ಬೊ ಸೀಲನ್ನೋ ವಾಲ್ವ್ ಸೀಲನ್ನೋ ಶಂಕಿಸಬೇಕಿತ್ತು. ಆಮೇಲೆ ಎಂಜಿನ್ ಆರಿಸಿ, ಮಾಲೀಕರ ಒಪ್ಪಿಗೆ ಪಡೆದು, ಟರ್ಬೊಗೆ ಗಾಳಿ ತರುವ ಪೈಪನ್ನು ಬಿಚ್ಚಿ ಚಕ್ರವನ್ನು ಬೆರಳಿನಿಂದ ಆಡಿಸಿ ನೋಡಿದೆವು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಅಲುಗುವುದು ಸಹಜ, ಏಕೆಂದರೆ ನಿಂತ ಎಂಜಿನ್ನಿನಲ್ಲಿ ಆಯಿಲ್ ಒತ್ತಡವಿರುವುದಿಲ್ಲ. ಹಿಂದೆಮುಂದೆ ಎಳೆದರೆ ಮಾತ್ರ ಕೈಗೆ ಆಟ ಸಿಗಬಾರದು, ಅಲಗಿನ ಅಂಚು ಗೋಡೆಗೆ ಉಜ್ಜಿದ ಗುರುತೂ ಇರಬಾರದು. ಪೈಪಿನೊಳಗೆ ಜಿಡ್ಡಿನ ಲೇಪವಿತ್ತು, ಆಯಿಲ್ ನಿಂತಿರಲಿಲ್ಲ. ಲೇಪ ಎಲ್ಲ ಟರ್ಬೊ ಕಾರುಗಳಲ್ಲೂ ಇರುವಂಥದ್ದೇ.

ಕಾರಿನ ಕಂಪ್ಯೂಟರಿಗೆ ಜೋಡಿಸಿ ನೋಡುವ ಒಬಿಡಿ ಸ್ಕ್ಯಾನರ್ ತೋರಿಸುವ ದೋಷದ ಕೋಡುಗಳಿಗಿಂತ, ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ದೂರ ಓಡಿದೆ ಎಂಬ ಅಂಕಿ ನನಗೆ ಮುಖ್ಯ. ಅಂಧೇರಿಯ ಕಾರಿನಲ್ಲಿ ಅದು 50 ಕಿ.ಮೀ.ಗೂ ಕಡಿಮೆಯಿತ್ತು, ಅಂದರೆ ಕೋಡುಗಳನ್ನು ಈಚೆಗಷ್ಟೇ ಅಳಿಸಿದ್ದರು; ಅಳಿಸಿದ ಮೇಲೆ ಕಾರು ತಾನೇ ಮಾಡಿಕೊಳ್ಳುವ ಸ್ವಯಂ ತಪಾಸಣೆಗಳೂ ಪೂರ್ಣಗೊಂಡಿರಲಿಲ್ಲ. ಕೆಲವು ದಿನ ಓಡಿಸಿ ಮತ್ತೆ ತೋರಿಸಿ ಎಂದು ಕೇಳಿದಾಗ ಮಾರುವವರು ಒಪ್ಪಲಿಲ್ಲ, ನಾನು ಅದನ್ನು ಅಲ್ಲಿಗೇ ಬಿಟ್ಟೆ. ನ್ಯಾಯವಾಗಿ ಹೇಳಬೇಕೆಂದರೆ ಆ ಕಾರಿಗೆ ನೀರು ನುಗ್ಗಿದ ಕುರುಹು ಇರಲಿಲ್ಲ: ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೂ ಕೆಸರಿನ ಕಲೆಯಿಲ್ಲ, ಸೀಟಿನ ಹಳಿಗಳಿಗೆ ತುಕ್ಕಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ಊರಿನ ಕಾರಿನಲ್ಲಿ ಇದನ್ನು ನೋಡದೆ ಬಿಡಬಾರದು.

ಪುಣೆಯ ಕಾರನ್ನು ಸ್ಕ್ಯಾನರ್ ಹಾಕಿಕೊಂಡೇ ಕಾತ್ರಜ್ ಘಾಟ್ ಹತ್ತಿಸಿದೆವು. ಏರಿನಲ್ಲಿ ಎಂಜಿನ್ ಕೇಳಿದ ಗಾಳಿಯ ಒತ್ತಡಕ್ಕೂ (ಬೂಸ್ಟ್) ಟರ್ಬೊ ಕೊಟ್ಟ ಒತ್ತಡಕ್ಕೂ ಹೆಚ್ಚು ಅಂತರ ಬೀಳಲಿಲ್ಲ; ಬಿದ್ದಿದ್ದರೆ ಆ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ನ ಸೋರುವ ಪೈಪ್ ಇಲ್ಲವೇ ಬೂಸ್ಟನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ಕವಾಟದ ಸಡಿಲತನ ಹುಡುಕಬೇಕಿತ್ತು. ಗೇರ್‌ಬಾಕ್ಸ್ ಝಡ್‌ಎಫ್ ಕಂಪನಿಯ 8 ಸ್ಪೀಡ್ ಆಟೊಮ್ಯಾಟಿಕ್. ಅದರ ಆಯಿಲನ್ನು 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಬೇಕೆಂದು ಝಡ್‌ಎಫ್ ಹೇಳುತ್ತದೆ, ಬಿಲ್ಲುಗಳಲ್ಲಿ ಆ ಕೆಲಸ ಕಾಣಲಿಲ್ಲ. ಆಯಿಲ್ ಫಿಲ್ಟರ್ ಹೌಸಿಂಗ್‌ನ ಗ್ಯಾಸ್ಕೆಟ್ಟೂ ಜಿನುಗುತ್ತಿತ್ತು. ಈ ಎರಡು ಖರ್ಚುಗಳನ್ನು ಬೆಲೆಯಲ್ಲಿ ಕಳೆಯಲು ಮಾಲೀಕರು ಒಪ್ಪಿದರು, ಕಾರು ನನ್ನ ಹೆಸರಿಗೆ ಬಂದ ವಾರದಲ್ಲೇ ಎರಡೂ ಕೆಲಸಗಳನ್ನು ಮಾಡಿಸಿದೆ.