ಪ್ರೋಗ್ರಾಂ ಒಳಗಿನ ಲುವಾ ನಿಧಾನವಾಗಿದೆಯಾ? ಮೊದಲು ಗಡಿ ನೋಡಿ

ಸಿ ಅಥವಾ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಒಳಗೆ ಲುವಾ ಎಂಬ ಪುಟ್ಟ ಸ್ಕ್ರಿಪ್ಟ್ ಭಾಷೆ ಕೂರಿಸಿದ್ದೀರಿ. ಎಲ್ಲಾ ಸರಿಯಾಗೇ ಓಡುತ್ತಿದೆ, ಆದರೆ ನಿಧಾನ. ಈಗ ಸುಮ್ನೆ ಸ್ಕ್ರಿಪ್ಟ್ ತೆರೆದು ಕಂಡ ಕಂಡ ಲೂಪ್ ತಿದ್ದಲು ಕೂರಬೇಡಿ. ಮೊದಲು ಪ್ರೊಫೈಲರ್ (ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಅಳೆಯುವ ಸಾಧನ) ಹಚ್ಚಿ. ಸ್ಕ್ರಿಪ್ಟ್ ಓಡುವುದಕ್ಕೇ ಹೊತ್ತು ಹಿಡಿಯುತ್ತಿದೆಯಾ, ಸಿ ಮತ್ತು ಲುವಾ ನಡುವಿನ ಗಡಿ ದಾಟುವ ಓಡಾಟಕ್ಕಾ, ಇಲ್ಲಾ ಬೇಡವಾದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್‌ಗಾ ಅಂತ ಗೊತ್ತಾಗಬೇಕು. ಲಿನಕ್ಸ್ ಆದರೆ ಪರ್ಫ್ ಎಂಬ ಪ್ರೊಫೈಲರ್ ಸಾಕು.

ನನ್ನ ಅನುಮಾನ ಮೊದಲು ಹೋಗುವುದು ಓಡಾಟದ ಮೇಲೆ. ಒಂದು ಗೇಮ್ ತಗೊಳ್ಳಿ. 1000 ವಸ್ತುಗಳಿವೆ, ಪ್ರತಿ ಫ್ರೇಮ್‌ನಲ್ಲೂ ಸಿ ಕಡೆಯಿಂದ ಒಂದೊಂದರ ಅಪ್‌ಡೇಟ್ ಫಂಕ್ಷನ್ ಕರೆಯುತ್ತೀರಿ, ಆ ಫಂಕ್ಷನ್ ಮತ್ತೆ ಸಿ ಕಡೆಗೆ ಬಂದು ಎಕ್ಸ್, ವೈ, ಝಡ್ ಬೇರೆ ಬೇರೆಯಾಗಿ ಕೇಳುತ್ತದೆ, ಬೇರೆ ಬೇರೆಯಾಗಿ ಬರೆಯುತ್ತದೆ. ವಸ್ತುವೊಂದಕ್ಕೆ 7 ಕರೆ. ಸೆಕೆಂಡಿಗೆ 60 ಫ್ರೇಮ್ ಅಂದರೆ 4,20,000 ಕರೆ! ಪ್ರತಿ ಸಲವೂ ಸ್ಟ್ಯಾಕ್‌ಗೆ (ಸಿ ಮತ್ತು ಲುವಾ ಮೌಲ್ಯ ಕೊಟ್ಟು ತಗೊಳ್ಳುವ ಜಾಗ) ಹಾಕು, ಟೈಪ್ ನೋಡು, ತೆಗೆ. ಇದರ ಬದಲು ಫ್ರೇಮ್‌ಗೆ ಒಂದೇ ಸಲ ಲುವಾವನ್ನು ಕರೆಯಿರಿ, ಲೂಪ್ ಅದರೊಳಗೇ ಓಡಲಿ. ಲುವಾ ಫಂಕ್ಷನ್ ಒಂದೇ ಸಲಕ್ಕೆ ಮೂರು ಮೌಲ್ಯ ಹಿಂದಿರುಗಿಸಬಲ್ಲದು ಅಲ್ವಾ, ಹಾಗಾಗಿ ಮೂರನ್ನೂ ಒಟ್ಟಿಗೆ ಕೇಳಿ, ಒಟ್ಟಿಗೆ ಬರೆಯಿರಿ. ಲೆಕ್ಕ 1,20,000ದ ಹತ್ತಿರ ಇಳಿಯುತ್ತದೆ. ಸ್ಕ್ರಿಪ್ಟ್‌ನ ತರ್ಕ ಒಂದು ಸಾಲೂ ಬದಲಾಗಿಲ್ಲ.

ಫಂಕ್ಷನ್ ಅನ್ನು ಪ್ರತಿ ಸಲ ಹೆಸರು ಹಿಡಿದು ಹುಡುಕುವುದೂ ಬೇಡ. ಒಮ್ಮೆ ಹುಡುಕಿ ರಿಜಿಸ್ಟ್ರಿಯಲ್ಲಿ (ಸಿ ಕೋಡ್ ಬಳಕೆಗೆಂದೇ ಲುವಾದಲ್ಲಿರುವ ಜಾಗ) ರೆಫರೆನ್ಸ್ ಇಟ್ಟುಕೊಳ್ಳಿ. ಕೋಡ್ ಇರುವ ಸ್ಟ್ರಿಂಗ್ ಅನ್ನು ಪ್ರತಿ ಸಲ ಲೋಡ್ ಮಾಡಿ ಓಡಿಸುತ್ತಿದ್ದರಂತೂ ಪ್ರತಿ ಸಲ ಕಂಪೈಲ್ ಮಾಡುತ್ತಿದ್ದೀರಿ ಎಂದೇ ಅರ್ಥ.

ಮುಂದಿನದು ಕಸ, ಅಂದರೆ ಬಳಸಿ ಬಿಟ್ಟ ಮೆಮೊರಿ. ಸಿ ಕಡೆಯಿಂದ ಪ್ರತಿ ಕರೆಗೂ ಹೊಸ ಟೇಬಲ್ (ಲುವಾದಲ್ಲಿ ಡೇಟಾ ಇಡುವ ರಚನೆ) ಕಟ್ಟಿ ಕೊಡಬೇಡಿ, ಹಳೆಯದನ್ನೇ ಮತ್ತೆ ತುಂಬಿ. ಲೂಪ್‌ನಲ್ಲಿ ಎರಡು ಚುಕ್ಕಿ ಹಾಕಿ ಸ್ಟ್ರಿಂಗ್ ಜೋಡಿಸುತ್ತಾ ಹೋದರೆ ಪ್ರತಿ ಸುತ್ತಿಗೂ ಹೊಸ ಸ್ಟ್ರಿಂಗ್ ಹುಟ್ಟುತ್ತದೆ. ತುಂಡುಗಳನ್ನು ಟೇಬಲ್‌ಗೆ ಹಾಕಿ ಕೊನೆಯಲ್ಲಿ ಟೇಬಲ್ ಲೈಬ್ರರಿಯ ಕಾನ್‌ಕ್ಯಾಟ್‌ನಿಂದ ಒಂದೇ ಸಲ ಸೇರಿಸಿ. 60 ಫ್ರೇಮ್ ಬೇಕೆಂದರೆ ಒಂದಕ್ಕೆ ಸಿಗುವುದು 16.6 ಮಿಲಿಸೆಕೆಂಡ್. ಅದರಲ್ಲಿ ಮಿಕ್ಕ ಹೊತ್ತಿನಲ್ಲಿ ನೀವೇ ಕಲೆಕ್ಟರ್‌ಗೆ ಒಂದು ಸ್ಟೆಪ್ ಓಡಿಸಲು ಹೇಳಬಹುದು, ಆಗ ನಡುವೆ ಜರ್ಕ್ ಕಡಿಮೆ. 2020ರಲ್ಲಿ ಬಂದ ಲುವಾ 5.4ರಲ್ಲಿ ಹೊಸದಾಗಿ ಹುಟ್ಟಿದ ವಸ್ತುಗಳನ್ನೇ ಹೆಚ್ಚಾಗಿ ಪರೀಕ್ಷಿಸುವ ಜನರೇಷನಲ್ ಮೋಡ್ ಕೂಡ ಕಲೆಕ್ಟರ್‌ಗೆ ಇದೆ. ಹುಟ್ಟಿದ ಕೂಡಲೇ ಸಾಯುವ ಸಣ್ಣ ವಸ್ತುಗಳೇ ಜಾಸ್ತಿ ಇದ್ದರೆ ಆನ್ ಮಾಡಿ ಅಳೆದು ನೋಡಿ, ಎಲ್ಲಾ ಕಡೆ ಲಾಭ ಆಗುತ್ತದೆ ಅಂತಿಲ್ಲ.

ಇಷ್ಟಾದ ಮೇಲೆ ಸ್ಕ್ರಿಪ್ಟ್ ಮುಟ್ಟಿ. ಲೋಕಲ್ ವೇರಿಯಬಲ್ ಇರುವುದು ಲುವಾ ಕೋಡ್ ಓಡಿಸುವ ವರ್ಚುವಲ್ ಮಷೀನ್‌ನ ರಿಜಿಸ್ಟರ್‌ನಲ್ಲಿ, ಗ್ಲೋಬಲ್‌ಗೆ ಪ್ರತಿ ಸಲ ಟೇಬಲ್ ಹುಡುಕಬೇಕು. ಮ್ಯಾತ್ ಲೈಬ್ರರಿಯ ಸೈನ್ ಕರೆದರೆ ಎರಡು ಹುಡುಕಾಟ. ಬಿಸಿ ಲೂಪ್‌ಗೆ ಮುಂಚೆ ಅದನ್ನು ಲೋಕಲ್‌ಗೆ ಹಾಕಿಕೊಳ್ಳಿ. ಬೇರೆ ಕಡೆಯೆಲ್ಲಾ ಹಾಗೆ ಮಾಡಿ ಕೋಡ್ ಕೆಡಿಸಬೇಡಿ.

ಲುವಾಜಿಟ್‌ಗೆ ಹೋಗೋಣ ಅನ್ನುವವರಿಗೆ ಒಂದೆರಡು ಮಾತು. ಅದು ಸ್ಕ್ರಿಪ್ಟ್ ಓಡುತ್ತಿರುವಾಗಲೇ ಮಷೀನ್ ಕೋಡ್‌ಗೆ ಕಂಪೈಲ್ ಮಾಡುವ (ಜಿಟ್) ಲುವಾ. ಅದರ ಭಾಷೆ ಮೂಲತಃ ಲುವಾ 5.1. ಹಳೆಯ ರೀತಿಯಲ್ಲಿ ಬೈಂಡ್ ಮಾಡಿದ, ಅಂದರೆ ಲುವಾಗೆ ಜೋಡಿಸಿದ, ಸಿ ಫಂಕ್ಷನ್‌ಗಳ ಒಳಕ್ಕೆ ಅದರ ಕಂಪೈಲರ್ ಹೋಗುವುದಿಲ್ಲ, ಹಾಗಾಗಿ ಪೂರ್ತಿ ವೇಗ ಬೇಕಿದ್ದರೆ ಬೈಂಡಿಂಗ್‌ಗಳನ್ನು ಅದರ ಎಫ್‌ಎಫ್‌ಐಗೆ (ಸಿ ಫಂಕ್ಷನ್‌ಗಳನ್ನು ನೇರವಾಗಿ ಕರೆಯುವ ಸೌಲಭ್ಯ) ಬದಲಾಯಿಸಬೇಕು. ಇನ್ನೊಂದು, ನಿಲ್ಲದೆ ಓಡುವ ಸ್ಕ್ರಿಪ್ಟ್ ಹಿಡಿಯಲು ಇನ್‌ಸ್ಟ್ರಕ್ಷನ್ ಎಣಿಸುವ ಹುಕ್ (ಇಷ್ಟು ಇನ್‌ಸ್ಟ್ರಕ್ಷನ್ ಆದಾಗ ನಿಮ್ಮ ಫಂಕ್ಷನ್ ಕರೆಯುವ ಏರ್ಪಾಡು) ಹಾಕಿದ್ದರೆ ಹುಷಾರು: ಕಂಪೈಲ್ ಆದ ಲೂಪ್ ಒಳಗೆ ಆ ಹುಕ್ ಸಾಮಾನ್ಯವಾಗಿ ಓಡುವುದೇ ಇಲ್ಲ. ಹೊರಗಿನವರ ಸ್ಕ್ರಿಪ್ಟ್ ಓಡಿಸುತ್ತಿದ್ದರೆ ಅಂಥದ್ದಕ್ಕೆ ಜಿಟ್ ಆಫ್ ಮಾಡಿ, ಇಲ್ಲವೇ ಬೇರೆ ಪ್ರೋಸೆಸ್‌ನಲ್ಲಿ ಓಡಿಸಿ, ಹೊತ್ತು ಮೀರಿದರೆ ಅದನ್ನೇ ಕೊಲ್ಲಿ.