ಕುರಿಗೆ ಔಷಧ, ಕೋಲಿ ನಾಯಿಗೆ ವಿಷ: ಎಂಡಿಆರ್1 ನೋಡಿ ಜೋಡಿ ಮಾಡಿ

ಮುಧೋಳ ನಾಯಿ ಓಡಿ ಬೇಟೆಯಾಡುವ ತಳಿ. ಹಿಂಡು ತರುಬುವುದು ಅದರ ರಕ್ತದಲ್ಲಿಲ್ಲ. ಹಾಗೆಂದು ಬಾಗಲಕೋಟೆಯ ಕುರಿಹಟ್ಟಿಗೆ ಹಿಂಡು ಕಾಯುವ ತಳಿಗಳಾದ ಕೋಲಿ ಅಥವಾ ಆಸ್ಟ್ರೇಲಿಯನ್ ಶೆಫರ್ಡ್ ತರುವವರು ಮೊದಲು ಅದರ ಎಂಡಿಆರ್1 ಜೀನ್ ಪರೀಕ್ಷೆ ಮಾಡಿಸಬೇಕು.

ಈ ಜೀನ್ ಔಷಧವನ್ನು ಮಿದುಳಿನಿಂದ ಹೊರದಬ್ಬುವ ಪ್ರೋಟೀನ್ ತಯಾರಿಸುತ್ತದೆ. ಕೆಲವು ನಾಯಿಗಳಲ್ಲಿ ಇದರ 4 ಡಿಎನ್‌ಎ ಅಕ್ಷರ ಬಿಟ್ಟುಹೋಗಿರುವುದು 2001ರಲ್ಲಿ ಪತ್ತೆಯಾಯಿತು. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ ಮರಿಯ ಮಿದುಳಿನಲ್ಲಿ ಕುರಿಯ ಹುಳುವಿನ ಔಷಧ ಐವರ್ಮೆಕ್ಟಿನ್ ಸೇರಿಕೊಳ್ಳುತ್ತದೆ.

ಕುರಿಗೆ ಕೊಡುವುದು ಕೆಜಿಗೆ 200 ಮೈಕ್ರೊಗ್ರಾಂ, ಅಂದರೆ 1% ಇಂಜೆಕ್ಷನ್ 50 ಕೆಜಿಗೆ 1 ಎಂಎಲ್. ಅದೇ ಲೆಕ್ಕದಲ್ಲಿ ಇಂಥ 20 ಕೆಜಿ ನಾಯಿಗೆ 0.4 ಎಂಎಲ್ ಚುಚ್ಚಿದರೆ ಜೊಲ್ಲು, ಅಗಲವಾದ ಪಾಪೆ, ತೂರಾಟ, ಕುರುಡು, ಕೊನೆಗೆ ಪ್ರಜ್ಞೆ ತಪ್ಪುವುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ. ಹೃದಯದ ಹುಳು ಬಾರದಂತೆ ಕೊಡುವ ಕೆಜಿಗೆ 6 ಮೈಕ್ರೊಗ್ರಾಂ ಮಾತ್ರ ಇಂಥ ನಾಯಿಯೂ ತಾಳಿಕೊಳ್ಳುತ್ತದೆ.

ಚುಚ್ಚದಿದ್ದರೂ ಸಾಕಾಗದು. ಔಷಧ ಹಾಕಿದ ಕುರಿಯ ಹಿಕ್ಕೆ ತಿಂದೂ ನಾಯಿ ಬೀಳಬಹುದು. ಆ ದಿನಗಳಲ್ಲಿ ಅದನ್ನು ದೊಡ್ಡಿಯಿಂದ ದೂರ ಕಟ್ಟಿ. ಭೇದಿಗೆಂದು ಮನೆಯ ಲೊಪೆರಮೈಡ್ ಗುಳಿಗೆ ಹಾಕುವುದೂ ಅಷ್ಟೇ ಅಪಾಯ.

ಪರೀಕ್ಷೆಗೆ ಕೆನ್ನೆಯ ಒಳಬದಿಯನ್ನು ಹತ್ತಿಕಡ್ಡಿಯಿಂದ ಉಜ್ಜಿ ಲ್ಯಾಬ್‌ಗೆ ಕಳಿಸಿದರಾಯಿತು. ಉಜ್ಜುವ ಮುನ್ನ ಮರಿ ತಾಯಿಹಾಲು ಕುಡಿದಿರಬಾರದು, ತಾಯಿಯ ಕೋಶ ಬೆರೆತು ಫಲಿತಾಂಶ ಕೆಡುತ್ತದೆ. ಒಂದೇ ಕೆಟ್ಟ ಪ್ರತಿಯಿರುವ ಎರಡು ನಾಯಿ ಕೂಡಿಸಿದರೆ ಸರಾಸರಿ 4 ಮರಿಗಳಲ್ಲಿ 1 ಪೂರ್ತಿ ಬಾಧಿತ, 2 ವಾಹಕ (ಒಂದೇ ಕೆಟ್ಟ ಪ್ರತಿ ಹೊತ್ತವು). ವಾಹಕ ನಾಯಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ತೆಗೆದುಹಾಕಬೇಡಿ, ಕೆಟ್ಟ ಪ್ರತಿಯೇ ಇಲ್ಲದ ಜೋಡಿಗೆ ಕೂಡಿಸಿ: ಅರ್ಧದಷ್ಟು ಮರಿ ವಾಹಕವಾಗಬಹುದು, ಬಾಧಿತ ಒಂದೂ ಹುಟ್ಟದು.